ಘಟ್ಟ ಇಳಿದ ಬೈಕ್ ಗುಂಪು ಎಲ್ಲಿ ನಿಲ್ಲಬೇಕು? ಕಾರವಾರದಿಂದ ಭಟ್ಕಳದವರೆಗಿನ ಮೀನುಗಾರರ ಊರುಗಳ ಹೋಲಿಕೆ

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಶಿರಸಿ, ಹುಬ್ಬಳ್ಳಿ, ಶಿವಮೊಗ್ಗದ ಬೈಕ್ ಗುಂಪುಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆರೇಳು ಬೈಕ್ ಇವೆ, ಎರಡು ಮೂರು ದಿನ ರಜೆ ಇದೆ, ಉತ್ತರ ಕನ್ನಡದ ಮೀನುಗಾರರ ಊರುಗಳನ್ನು ನೋಡಬೇಕು. ಕಾರವಾರದಲ್ಲಿ ಉಳಿಯೋಣವೋ, ಗೋಕರ್ಣ-ತದಡಿ ಕಡೆಗೋ, ಹೊನ್ನಾವರಕ್ಕೋ, ಭಟ್ಕಳಕ್ಕೋ? ಅಥವಾ ಮಾಜಾಳಿಯಿಂದ ಹೊರಟು ಪೂರ್ತಿ ಕರಾವಳಿಯನ್ನು ಒಂದೇ ಸಲ ಮುಗಿಸೋಣವೋ?

ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದು ಉತ್ತರ ಇಲ್ಲ. ಆದರೆ ಯೋಚಿಸುವ ಕ್ರಮ ಒಂದಿದೆ. ಗೋವಾ ಗಡಿಯ ಮಾಜಾಳಿಯಿಂದ ಭಟ್ಕಳಕ್ಕೆ ಹೆದ್ದಾರಿಯಲ್ಲಿ ಹತ್ತಿರ ಹತ್ತಿರ 140 ಕಿ.ಮೀ. ಬೈಕಿಗೆ ಇದು ಮೂರು ಗಂಟೆಯ ದಾರಿ. ಎಲ್ಲರೂ ಜಾರುವುದು ಇಲ್ಲೇ. ನಕ್ಷೆಯಲ್ಲಿ ಇಷ್ಟು ಹತ್ತಿರ ಕಾಣುವ ಊರುಗಳನ್ನು ಒಂದರ ಹಿಂದೆ ಒಂದು ಪೋಣಿಸಿಬಿಡುತ್ತಾರೆ. ಕೊನೆಗೆ ನೋಡಿದ್ದು ಹೆದ್ದಾರಿ, ಪೆಟ್ರೋಲ್ ಬಂಕ್, ಒಂದೆರಡು ಬೀಚು. ಮೀನುಗಾರರ ಊರು ಹೆದ್ದಾರಿಯ ಮೇಲೆ ಇಲ್ಲ. ಅದು ನದಿ ಸಮುದ್ರ ಸೇರುವ ಅಳಿವೆಯಲ್ಲಿದೆ, ಹೆದ್ದಾರಿ ಬಿಟ್ಟು ಎರಡೋ ಐದೋ ಹತ್ತೋ ಕಿ.ಮೀ. ಒಳಗೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳ ಕಡೆಯ ವೆಂಕಟಾಪುರ ಹೊಳೆ, ಈ ಐದು ಅಳಿವೆಗಳ ಸುತ್ತಲೇ ಇಲ್ಲಿನ ಮೀನುಗಾರಿಕೆ ಬೆಳೆದಿದೆ. ಹಾಗಾಗಿ ಯಾವ ಊರು ಎಂದು ಕೇಳುವ ಬದಲು ಯಾವ ಅಳಿವೆ ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮುಖ್ಯ ಬೆಳಗಿನ ಹೊತ್ತು. ದಕ್ಕೆಯಲ್ಲಿ, ಅಂದರೆ ಬೋಟು ಬಂದು ಮೀನು ಇಳಿಸುವ ಕಟ್ಟೆಯಲ್ಲಿ, ಜೀವ ಇರುವುದು ಬೆಳಕು ಹರಿಯುವಾಗಿನಿಂದ ಒಂಬತ್ತರವರೆಗೆ. ಬೋಟುಗಳು ಬಂದು ನಿಲ್ಲುತ್ತವೆ, ಬುಟ್ಟಿಗಟ್ಟಲೆ ಮೀನು ಇಳಿಯುತ್ತದೆ, ಹರಾಜು ಕೂಗುತ್ತಾರೆ, ಮೀನು ಮಾರುವ ಹೆಂಗಸರು ತಮ್ಮ ಪಾಲು ಹಿಡಿದು ಟೆಂಪೊ ಹತ್ತುತ್ತಾರೆ. ಹನ್ನೊಂದಕ್ಕೆ ಹೋದರೆ ಕಾಣುವುದು ಒದ್ದೆ ಸಿಮೆಂಟು ಮತ್ತು ಮಂಜುಗಡ್ಡೆಯ ಚೂರು. ಅಂದರೆ ರಾತ್ರಿ ಉಳಿಯುವ ಜಾಗದಿಂದ ದಕ್ಕೆಗೆ ಹದಿನೈದು ಇಪ್ಪತ್ತು ನಿಮಿಷದ ದಾರಿ ಇರಬೇಕು. ಮಲಗುವ ಊರನ್ನು ಆರಿಸಿದರೆ ಪ್ರವಾಸವನ್ನೇ ಆರಿಸಿದ ಹಾಗೆ.

ಎರಡನೆಯದು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಓಡಿಸುವವರು ಯಾರು ಎನ್ನುವುದು. ಹೊಸದಾಗಿ ಬೈಕ್ ಹಿಡಿದವರು, ಸ್ಕೂಟರಿನಲ್ಲಿ ಬರುವವರು, ಹಿಂದೆ ಮಗುವನ್ನು ಕೂರಿಸಿಕೊಂಡವರು ಇರಬಹುದು. ಅವರಿಗೆ ದಿನಕ್ಕೆ ಎಷ್ಟು ಕಿ.ಮೀ. ಸಾಧ್ಯವೋ ಅದೇ ಇಡೀ ಗುಂಪಿನ ಲೆಕ್ಕ. ಘಟ್ಟ ಇಳಿದ ದಿನ ನೂರ ಐವತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ಮೂರನೆಯದು ಊಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಂಪು ಅಂದರೆ ಅರ್ಧ ಜನ ಮೀನು ಮುಟ್ಟದವರು ಇರುತ್ತಾರೆ, ಅಲ್ವಾ? ಅವರು ಮೂರು ದಿನವೂ ಬರೀ ಅನ್ನ, ಸಾರು, ಮಜ್ಜಿಗೆಯಲ್ಲಿ ಮುಗಿಸುವಂತಾಗಬಾರದು. ಎರಡೂ ಬಗೆಯ ಒಳ್ಳೆಯ ಹೋಟೆಲ್ ಹತ್ತಿರ ಹತ್ತಿರ ಇರುವ ಊರು ಬೇಕು.

ಆಮೇಲೆ ಹಣ, ಆಮೇಲೆ ತಿಂಗಳು. ತಿಂಗಳ ಮಾತನ್ನು ಈಗಲೇ ಹೇಳಿ ಮುಗಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕುವ ಕಾಲ ಅದು, ಕಡಲೂ ಸಿಡುಕುತ್ತಿರುತ್ತದೆ. ಬೋಟೆಲ್ಲ ದಡದಲ್ಲಿ. ಆ ಎರಡು ತಿಂಗಳು ಘಟ್ಟದ ಜಲಪಾತ ನೋಡಲು ಬನ್ನಿ, ಬಂದರು ನೋಡಲು ಬೇಡ. ಆಗಸ್ಟಿನಲ್ಲಿ ಬೋಟು ಇಳಿಯುತ್ತವೆ, ಮಳೆ ಬಿಟ್ಟಿರುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಬೈಕಿಗೂ ಮೀನಿಗೂ ಒಳ್ಳೆಯ ಕಾಲ. ಮಾರ್ಚ್ ನಂತರ ಜಾಕೆಟ್ ಒಳಗೆ ಬೆವರು ಇಳಿಯುವ ಸೆಕೆ. ಅದಕ್ಕೆ ಪರಿಹಾರವಾಗಿ ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಷಾಡ ಮಾವು ಸಿಗುತ್ತದೆ. ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿಯ ಹೊತ್ತಿಗೆ ಗೋಕರ್ಣ, ಮುರ್ಡೇಶ್ವರದಲ್ಲಿ ರೂಮು ಸಿಗುವುದೇ ಕಷ್ಟ. ಮಾರ್ಚ್ ಆಸುಪಾಸಿನಲ್ಲಿ ಶಿರಸಿಯಲ್ಲಿ ಒಟ್ಟು ಸೇರಿ ಹೊರಡುವ ಯೋಚನೆ ಇದ್ದರೆ, ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ವರ್ಷವೋ ಅಲ್ಲವೋ ನೋಡಿಕೊಳ್ಳಿ.

ಕಾರವಾರ: ದೊಡ್ಡ ಗುಂಪಿಗೆ, ಹೊಸಬರಿಗೆ

ಹತ್ತು ಹನ್ನೆರಡು ಬೈಕಿನ ಗುಂಪಾದರೆ ನಾನು ಎರಡನೇ ಯೋಚನೆ ಮಾಡದೆ ಕಾರವಾರ ಅನ್ನುತ್ತೇನೆ. ಇದು ಜಿಲ್ಲಾ ಕೇಂದ್ರ. ಲಾಡ್ಜುಗಳು ಸಾಕಷ್ಟಿವೆ, ಒಂದರಲ್ಲಿ ಎಲ್ಲರಿಗೂ ಜಾಗ ಸಿಗದಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಇದೆ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕ್ಲಚ್ ಕೇಬಲ್ ಕಡಿದರೆ, ಟಯರ್ ಹೋದರೆ ರಿಪೇರಿ ಮಾಡುವವರೂ ಬಿಡಿಭಾಗವೂ ಊರಲ್ಲೇ ಸಿಗುತ್ತವೆ. ಇದೆಲ್ಲ ಸಪ್ಪೆ ವಿಷಯ ಅನಿಸಬಹುದು. ಆದರೆ ಹತ್ತು ಬೈಕ್ ಇದ್ದಲ್ಲಿ ಒಂದಕ್ಕೆ ಏನಾದರೂ ಆಗಿಯೇ ಆಗುತ್ತದೆ. ಆಗ ಉಳಿದ ಒಂಬತ್ತೂ ನಿಲ್ಲಬೇಕಾಗುತ್ತದೆ.

ಮೀನುಗಾರಿಕೆ ನೋಡಲು ಬೈತಖೋಲ್ ಬಂದರು ಪೇಟೆಗೆ ಅಂಟಿಕೊಂಡೇ ಇದೆ. ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು, ಮೀನಿನ ಗುಂಪನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟು ಎರಡೂ ಇಲ್ಲಿ ಕಾಣುತ್ತವೆ. ಎದ್ದು ಚಹಾ ಕುಡಿದು ಐದು ಹತ್ತು ನಿಮಿಷದಲ್ಲಿ ದಕ್ಕೆಯಲ್ಲಿರಬಹುದು. ಇದು ಬೇರೆ ಕಡೆ ಇಷ್ಟು ಸಲೀಸಲ್ಲ. ಕಾಳಿ ಸೇತುವೆ ದಾಟಿ ಸದಾಶಿವಗಡ ಗುಡ್ಡ ಹತ್ತಿದರೆ ಅಳಿವೆ ಪೂರ್ತಿ ಕಾಣುತ್ತದೆ. ಅಲ್ಲಿಂದ ಮಾಜಾಳಿಗೆ ಸ್ವಲ್ಪವೇ ದೂರ. ಮಾಜಾಳಿ ಕಡಲಿನಲ್ಲಿ, ಹಾಗೆಯೇ ಅಂಕೋಲಾ ಕಡೆಯ ಹಾರವಾಡದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡುವ ಅವಕಾಶ ಸಿಗಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಕಡಲಿಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಹತ್ತಾರು ಜನ ಎಳೆಯುತ್ತಾರೆ. ಯಾವ ದಿನ ಬಲೆ ಬಿಡುತ್ತಾರೆ ಎನ್ನುವುದು ಮೀನಿನ ಗುಂಪು ದಡಕ್ಕೆ ಬಂದಿದೆಯೇ ಎನ್ನುವುದರ ಮೇಲೆ ಇದೆ. ಅದನ್ನು ವೇಳಾಪಟ್ಟಿಗೆ ಸೇರಿಸಲು ಆಗುವುದಿಲ್ಲ. ಸಂಜೆಯೇ ದಡದಲ್ಲಿರುವವರನ್ನು ವಿಚಾರಿಸಿಟ್ಟುಕೊಳ್ಳಿ. ಎಳೆಯುವಾಗ ಹಗ್ಗದ ಒಳಬದಿಗೆ ಹೋಗಬೇಡಿ. ಅವರೇ ಕರೆದರೆ ಕೈ ಹಾಕಿ.

ಊಟದಲ್ಲಿ ಕಾರವಾರ ಎರಡೂ ಪಂಗಡಕ್ಕೆ ಒಳ್ಳೆಯದು. ಇಲ್ಲಿನ ಮೀನೂಟದಲ್ಲಿ ಕೊಂಕಣಿ ರುಚಿ. ತೆಂಗಿನಕಾಯಿ ಅರೆದ ಬಂಗಡೆ ಸಾರು, ರವೆ ಹಚ್ಚಿ ಹುರಿದ ಮೀನು, ಜೊತೆಗೆ ಕೋಕಂ ಹುಳಿಯ ಸೋಲ್ ಕಡಿ. ಶೆಟ್ಲಿ (ಸಿಗಡಿ) ಸಿಕ್ಕ ದಿನ ಬಿಡಬೇಡಿ. ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲುಗಳೂ ಚೆನ್ನಾಗಿವೆ.

ಕೊರತೆಯೂ ಇದೆ. ಇದು ನಗರ. ಟ್ಯಾಗೋರ್ ಕಡಲತೀರದ ಪಕ್ಕದಲ್ಲೇ ಹೆದ್ದಾರಿ ಓಡುತ್ತದೆ. ಅಲ್ಲೇ ಇರುವ ಯುದ್ಧನೌಕೆ ಐಎನ್‌ಎಸ್ ಚಪಲ್ ಮಕ್ಕಳಿಗೆ ಖುಷಿ ಕೊಡುತ್ತದೆ. ಹಳ್ಳಿಯ ನೆಮ್ಮದಿ ಹುಡುಕಿ ಬಂದವರಿಗೆ ಇಷ್ಟು ಸಾಲದು. ಕಾರವಾರದಿಂದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆಯ ಉದ್ದನೆಯ ತೀರ ಕದಂಬ ನೌಕಾನೆಲೆಯ ಒಳಗೆ ಸೇರಿದೆ. ಆ ಭಾಗದಲ್ಲಿ ಬೈಕ್ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದು, ಡ್ರೋನ್ ಹಾರಿಸುವುದು ಖಂಡಿತ ಬೇಡ. ಇನ್ನೊಂದು ಮಾತು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. ಆಗ ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಲು ಮೀನುಗಾರರೂ ನೀರಿಗೆ ಇಳಿದಿದ್ದರು. ಸೇತುವೆಯ ಮೇಲೆ ಗುಂಪುಗಟ್ಟಿ ನಿಲ್ಲುವ ಅಭ್ಯಾಸ ಇರುವವರು ಅದನ್ನು ಬಿಡಬೇಕು. ನೋಟ ಬೇಕಿದ್ದರೆ ಸದಾಶಿವಗಡಕ್ಕೆ ಹೋಗಿ.

ಶಿರಸಿಯಿಂದ ಕುಮಟಾ ಮೇಲೆ ಕಾರವಾರಕ್ಕೆ ಸುಮಾರು 130 ಕಿ.ಮೀ. ಹೋಗಿ ಬಂದು, ಅಲ್ಲಿ ಇಲ್ಲಿ ಸುತ್ತಿ 320 ಆಗುತ್ತದೆ. ಲೀಟರಿಗೆ 35 ಕೊಡುವ ಬೈಕಾದರೆ ಒಂಬತ್ತು ಲೀಟರ್ ಚಿಲ್ಲರೆ ಪೆಟ್ರೋಲು.

ಅಘನಾಶಿನಿ: ನನ್ನ ಮನಸ್ಸು ಇರುವುದು ಇಲ್ಲಿ

ಐದಾರು ಬೈಕಿನ ಸಣ್ಣ ಗುಂಪು, ಎರಡು ರಾತ್ರಿ, ಅವಸರ ಇಲ್ಲ. ಹಾಗಿದ್ದರೆ ಅಘನಾಶಿನಿಯ ಅಳಿವೆಗೆ ಸಮ ಇನ್ನೊಂದಿಲ್ಲ. ಶಿರಸಿಯವರಿಗಂತೂ ಇದು ಮನೆ ಹೊಳೆ. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟು ಕಾಣದೆ, ಉಂಚಳ್ಳಿಯಲ್ಲಿ ಧುಮುಕಿ ಕಡಲಿಗೆ ಬರುವ ನದಿ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು.

ಇಲ್ಲಿ ಬೋಟಿನ ಮೀನುಗಾರಿಕೆ ಒಂದು ಭಾಗ ಮಾತ್ರ. ತದಡಿ ಬಂದರಿನಲ್ಲಿ ಬೆಳಿಗ್ಗೆ ಅದನ್ನು ನೋಡಬಹುದು. ನಿಜವಾದ ವಿಶೇಷ ಇರುವುದು ನೀರು ಇಳಿದಾಗ. ಸುತ್ತಲಿನ ಹಳ್ಳಿಗಳ ಹೆಂಗಸರು ಗಂಡಸರು ಸೊಂಟದ ನೀರಿನಲ್ಲಿ ನಿಂತು ಕೆಸರಿನಿಂದ ಬೆಳಚು, ಅಂದರೆ ಚಿಪ್ಪು ಮೀನು, ತೆಗೆಯುತ್ತಾರೆ. ಒಂದು ಬುಟ್ಟಿ, ಒಂದು ಸಣ್ಣ ದೋಣಿ, ಬೇಕಾದ್ದು ಇಷ್ಟೇ. ಉಪ್ಪು ನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ, ಮೀನು. ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆ ಬಂತೆಂದರೆ ಉಪ್ಪಿನ ಆಗರಗಳು ಬೆಳ್ಳಗಾಗುತ್ತವೆ. ಭರತ-ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂದೆ ಹೋಗುತ್ತದೆ. ಹೊರಡುವ ಮೊದಲು ಕಾರವಾರದ ಭರತ-ಇಳಿತದ ಪಟ್ಟಿ ನೋಡಿ, ಇಳಿತ ಬೆಳಿಗ್ಗೆ ಎಂಟು ಹತ್ತರ ನಡುವೆ ಬೀಳುವ ದಿನ ಆರಿಸಿ. ಈ ಒಂದು ಕೆಲಸ ಮಾಡಿದರೆ ಪ್ರವಾಸದ ಗುಣವೇ ಬದಲಾಗುತ್ತದೆ.

ಬೈಕಿನವರಿಗೆ ಇಲ್ಲಿ ಇನ್ನೊಂದು ಸುಖ ಇದೆ, ಬಾರ್ಜ್. ತದಡಿಯಿಂದ ಅಳಿವೆಯ ಆಚೆ ದಡದ ಅಘನಾಶಿನಿ ಊರಿಗೆ ಅದು ಜನರನ್ನೂ ಬೈಕನ್ನೂ ದಾಟಿಸುತ್ತದೆ. ರಸ್ತೆಯಲ್ಲಿ ಹೋದರೆ ಗೋಕರ್ಣದಿಂದ ಮಿರ್ಜಾನ್ ಸುತ್ತಿ ಕುಮಟಾಕ್ಕೆ 30 ಕಿ.ಮೀ. ಹೆದ್ದಾರಿಯ ಧೂಳು. ಬಾರ್ಜ್ ಹತ್ತಿದರೆ ನೀರಿನ ಮೇಲೆ ಸ್ವಲ್ಪ ಹೊತ್ತು, ಆಮೇಲೆ ಬಾಡ, ಹೊಲನಗದ್ದೆ ಕಡೆಯ ತೆಂಗಿನ ತೋಟದ ಸಣ್ಣ ರಸ್ತೆ. ಆದರೆ ಸ್ಥಳೀಯರು ಶಾಲೆಗೆ, ಕೆಲಸಕ್ಕೆ ಹೋಗುವ ಬಾರ್ಜ್ ಅದು. ಹತ್ತು ಬೈಕ್ ಒಟ್ಟಿಗೆ ನುಗ್ಗಿದರೆ ಅವರಿಗೆ ಜಾಗ ಇಲ್ಲ. ಮೂರು ನಾಲ್ಕು ಬೈಕಿನಂತೆ ಬೇರೆ ಬೇರೆ ಸರದಿಯಲ್ಲಿ ಹೋಗಿ. ದೊಡ್ಡ ಗುಂಪಿಗೆ ಈ ಅಳಿವೆ ಒಗ್ಗುವುದಿಲ್ಲ ಎನ್ನಲು ಇದೂ ಒಂದು ಕಾರಣ. ಊರ ಒಳಗಿನ ರಸ್ತೆಗಳು ಇಕ್ಕಟ್ಟು, ಮನೆಯಂಗಳ ರಸ್ತೆಗೇ ತಾಗಿವೆ. ಹತ್ತು ಬುಲೆಟ್ ಬೆಳಿಗ್ಗೆ ಆರಕ್ಕೆ ಗುಡುಗಿದರೆ ಊರಿಗೇ ತೊಂದರೆ.

ಎಲ್ಲಿ ಮಲಗುವುದು? ಎರಡು ದಾರಿ. ಗೋಕರ್ಣದಲ್ಲಿ ಉಳಿದರೆ ರೂಮು ಎಲ್ಲ ದರದಲ್ಲೂ ಸಿಗುತ್ತದೆ. ಕುಡ್ಲೆ, ಓಂ ಬೀಚಿನ ಗುಡಿಸಲಿನಿಂದ ಹಿಡಿದು ದುಬಾರಿ ರೆಸಾರ್ಟಿನವರೆಗೆ ಇದೆ. ದೇವಸ್ಥಾನದ ಸುತ್ತ ಸಸ್ಯಾಹಾರಿ ಊಟ, ಬೀಚಿನ ಕಡೆ ಮೀನು. ರೈಲಿನಲ್ಲಿ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಂದು ಇಲ್ಲೇ ಬಾಡಿಗೆ ಸ್ಕೂಟರ್ ಹಿಡಿಯುವ ಗೆಳೆಯರೂ ಗುಂಪಿಗೆ ಸೇರಬಹುದು. ಬಾಡಿಗೆ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು, ಅದನ್ನು ನೋಡಿಯೇ ಹಣ ಕೊಡಿ. ಆದರೆ ಗೋಕರ್ಣದಲ್ಲಿ ರಾತ್ರಿ ತಡವಾಗಿ ಮಲಗುವ ರೂಢಿ. ಬೆಳಿಗ್ಗೆ ಆರಕ್ಕೆ ತದಡಿಗೆ ಹೊರಡೋಣ ಎಂದರೆ ಅರ್ಧ ಗುಂಪು ಏಳುವುದಿಲ್ಲ. ಕುಮಟಾ ಕಡೆ ಉಳಿದರೆ ಖರ್ಚು ಕಡಿಮೆ, ಬೀಚಿನ ಗದ್ದಲ ಇಲ್ಲ, ಬಾಡ, ಕಾಗಾಲ, ಧಾರೇಶ್ವರ ಹತ್ತಿರ. ಮೀನುಗಾರರ ಊರನ್ನೇ ನೋಡಲು ಬಂದವರಿಗೆ ನಾನು ಕುಮಟಾ ಹೇಳುತ್ತೇನೆ. ಅರ್ಧ ಜನಕ್ಕೆ ಬೀಚು ಬೇಕು ಎಂದಿದ್ದರೆ ಗೋಕರ್ಣ.

ಮಧ್ಯಾಹ್ನದ ಬಿಸಿಲಿಗೆ ಮಿರ್ಜಾನ್ ಕೋಟೆ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿದ ಕೋಟೆ. ಈ ನದಿಯಿಂದ ಕಾಳುಮೆಣಸು ಹಡಗು ಹತ್ತುತ್ತಿದ್ದ ಕಾಲ ಕಣ್ಣ ಮುಂದೆ ಬರುತ್ತದೆ.

ಶಿರಸಿಯಿಂದ ಕುಮಟಾ 60 ಕಿ.ಮೀ. ಚಿಲ್ಲರೆ. ಇಡೀ ಪ್ರವಾಸ 200 ಕಿ.ಮೀ. ಒಳಗೆ, ಆರು ಲೀಟರ್ ಪೆಟ್ರೋಲಿನಲ್ಲಿ ಮುಗಿಯುತ್ತದೆ. ಹೊಸ ಸವಾರರಿಗೂ, ಕೈ ಬಿಗಿ ಇರುವ ಕಾಲೇಜು ಹುಡುಗರಿಗೂ ಇದಕ್ಕಿಂತ ಹಗುರವಾದದ್ದು ಇಲ್ಲ.

ಹೊನ್ನಾವರ: ಮನೆಯವರೂ ಬರುತ್ತಾರೆ ಎಂದರೆ

ಶರಾವತಿಯ ಅಳಿವೆ ಅಗಲ. ಸೇತುವೆ ಮೇಲೆ ಅಡ್ಡಗಾಳಿ ಜೋರು, ಹಗುರ ಸ್ಕೂಟರಿನವರು ವೇಗ ಇಳಿಸಬೇಕು. ದಕ್ಷಿಣ ದಡದಲ್ಲಿ ಕಾಸರಕೋಡು. ಅಲ್ಲಿನ ಟೊಂಕ ಎಂಬ ಮೀನುಗಾರರ ಜಾಗದಲ್ಲಿ ಬೋಟುಗಳ ಸಾಲು, ಮರಳಿನ ಮೇಲೆ ಒಣಗಲು ಹರಡಿದ ಮೀನು. ಒಣಮೀನಿನ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಮಳೆಗಾಲದ ಎರಡು ತಿಂಗಳು ಕರಾವಳಿಯ ಮತ್ತು ಘಟ್ಟದ ಮೇಲಿನ ಎಷ್ಟೋ ಮನೆಗಳ ಊಟ ಇದೇ. ನೋಡಲೇಬೇಕು. ಹರಡಿದ ಮೀನಿನ ಮಧ್ಯೆ ಬೈಕ್ ಒಯ್ಯಬೇಡಿ, ನಡೆದು ಹೋಗಿ.

ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಂಕೋಲೆಯ ಕೇಣಿಯಲ್ಲೂ ಹೀಗೇ ಹೋರಾಟ ಇದೆ. ಹೊರಗಿನವರು ಕ್ಯಾಮೆರಾ ಹಿಡಿದು ಓಡಾಡಿದರೆ ಯಾರು, ಏಕೆ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಎಲ್ಲಿಂದ ಬಂದಿರಿ ಎಂದು ಹೇಳಿ ಮಾತಾಡಿ. ಊರಿನ ನಿಜವಾದ ಕಥೆ ಅಲ್ಲೇ ಸಿಗುತ್ತದೆ.

ಇದೇ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಸುರಕ್ಷಿತ ಬೀಚುಗಳಿಗೆ ಕೊಡುವ ಮಾನ್ಯತೆ ಸಿಕ್ಕಿದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ನೆರಳು ಇವೆ. ಗುಂಪಿನಲ್ಲಿ ಹೆಣ್ಣುಮಕ್ಕಳು, ಚಿಕ್ಕವರು ಇದ್ದರೆ ಈ ಅನುಕೂಲ ಸಣ್ಣದಲ್ಲ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮಧ್ಯೆ ಮರದ ಹಲಗೆಯ ನಡೆದಾರಿ, ಶರಾವತಿಯಲ್ಲಿ ದೋಣಿ ಸವಾರಿ, ಅಪ್ಸರಕೊಂಡದ ಸಣ್ಣ ಜಲಪಾತ. ಮುರ್ಡೇಶ್ವರ 25 ಕಿ.ಮೀ. ಒಂದೇ ದಿನದಲ್ಲಿ ಬಂದರು, ಬೀಚು, ದೇವಸ್ಥಾನ ಮೂರೂ ಆಗುವ ಜಾಗ ಇದು. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗಿಗೆ ಬೋಟು ಹೊರಡುವುದೂ ಮುರ್ಡೇಶ್ವರದಿಂದಲೇ. ಆದರೆ ಆ ಒಂದು ಖರ್ಚು ಉಳಿದ ಇಡೀ ಪ್ರವಾಸದ ಖರ್ಚಿನ ಹತ್ತಿರ ಬರುತ್ತದೆ. ಹಣ ಇರುವವರು ಸೇರಲಿ, ಇಲ್ಲದವರಿಗೆ ಮುಜುಗರ ಆಗದಂತೆ ಮೊದಲೇ ಮಾತಾಡಿಕೊಳ್ಳಿ.

ಉಳಿಯುವುದು ಹೊನ್ನಾವರದಲ್ಲೋ ಮುರ್ಡೇಶ್ವರದಲ್ಲೋ? ಬಂದರು ಬೇಕಿದ್ದರೆ ಹೊನ್ನಾವರ. ಮುರ್ಡೇಶ್ವರದಲ್ಲಿ ರೂಮು ಜಾಸ್ತಿ, ಸಸ್ಯಾಹಾರಿಗಳಿಗೆ ಊಟ ಸುಲಭ, ಆದರೆ ಶನಿವಾರ ಭಾನುವಾರ ಬಸ್ಸುಗಟ್ಟಲೆ ಜನ. ಹೊನ್ನಾವರದ ಬೆಳಗಿನ ಬಂದರು ಬೈತಖೋಲಿನಷ್ಟು ದೊಡ್ಡದಲ್ಲ, ಅಘನಾಶಿನಿಯಷ್ಟು ಆಪ್ತವೂ ಅಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡುವ ಊರು.

ಭಟ್ಕಳ: ಊಟಕ್ಕೂ ಹಳೆ ಕಥೆಗೂ

ಬೈಕ್ ಗುಂಪುಗಳು ಭಟ್ಕಳದಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡುತ್ತವೆ. ಹಾಗೆ ಮಾಡಬೇಡಿ. ವಿಜಯನಗರದ ಕಾಲದಲ್ಲಿ ಕಡಲಾಚೆಯಿಂದ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಇದು. ಹಳೆಯ ಜೈನ ಬಸದಿಗಳು, ಕಲ್ಲಿನ ಕೆತ್ತನೆಯ ಖೇತಪೈ ನಾರಾಯಣ ದೇವಸ್ಥಾನ, ನವಾಯತ ಮುಸ್ಲಿಮರ ಹಳೆಯ ಕೇರಿಗಳು ನಡೆದು ನೋಡುವಷ್ಟು ಹತ್ತಿರ ಇವೆ. ಮೀನುಗಾರಿಕೆಗೆ ಮಾವಿನಕುರ್ವೆ ಬಂದರು, ತೆಂಗಿನಗುಂಡಿ, ಅಳ್ವೆಕೋಡಿ. ಪ್ರವಾಸಿಗರು ಕಡಿಮೆ, ಹಾಗಾಗಿ ದಕ್ಕೆಯಲ್ಲಿ ನಡೆಯುವುದು ಯಾರಿಗೂ ತೋರಿಸಲು ಅಲ್ಲ, ದಿನದ ಕೆಲಸ. ಭಟ್ಕಳದ ಬಿರಿಯಾನಿ ಬಗ್ಗೆ ನಾನು ಹೇಳಬೇಕಾಗಿಲ್ಲ. ಶುಕ್ರವಾರ ಮಧ್ಯಾಹ್ನ ಪೇಟೆಯ ಹಲವು ಅಂಗಡಿಗಳು ಮುಚ್ಚಿರುತ್ತವೆ, ರಂಜಾನಿನಲ್ಲಿ ಹಗಲೂಟ ಸಿಗುವುದು ಕಷ್ಟ. ಅದನ್ನು ನೋಡಿಕೊಂಡು ದಿನ ಇಟ್ಟುಕೊಳ್ಳಿ. ಶಿರಸಿ, ಹುಬ್ಬಳ್ಳಿಯವರಿಗೆ ಇದು ದೂರ. ಶಿವಮೊಗ್ಗ, ಸಾಗರ, ಕುಂದಾಪುರ ಕಡೆಯಿಂದ ಬರುವವರಿಗೆ ಸಲೀಸು.

ಪೂರ್ತಿ ಕರಾವಳಿ ಒಂದೇ ಸಲ

ಇದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಿಂದ ಐದು ನೂರು ಕಿ.ಮೀ. ಬಂದವರಿಗೆ ಒಂದೇ ಅಳಿವೆ ನೋಡಿ ಹೋಗಿ ಎಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಕನಿಷ್ಠ ಮೂರು ರಾತ್ರಿ ಇರಲಿ. ಒಂದು ಕಾರವಾರದಲ್ಲಿ, ಒಂದು ಕುಮಟಾದಲ್ಲಿ, ಒಂದು ಹೊನ್ನಾವರದಲ್ಲಿ. ಹೀಗೆ ಮಾಡಿದರೆ ಮೂರು ಬೆಳಗು ಮೂರು ದಕ್ಕೆಯಲ್ಲಿ ಸಿಗುತ್ತವೆ, ದಿನಕ್ಕೆ ಓಡಿಸುವುದು ನೂರು ಕಿ.ಮೀ. ಒಳಗೇ ಇರುತ್ತದೆ. ಎರಡೇ ರಾತ್ರಿ ಇದ್ದರೆ ಈ ಆಸೆ ಬಿಡಿ. ಶಿರಸಿಯಿಂದ ಹೊರಟು ಕುಮಟಾ, ಮಾಜಾಳಿ, ಭಟ್ಕಳ ಮುಟ್ಟಿ ಜೋಗದ ಮೇಲೆ ವಾಪಸ್ ಬಂದರೆ 440 ಕಿ.ಮೀ. ಆಸುಪಾಸು, ಹದಿಮೂರು ಲೀಟರ್ ಪೆಟ್ರೋಲು. ಬೈಕಿಗೆ ಟೋಲ್ ಇಲ್ಲ. ಖರ್ಚು ಏರುವುದು ದಿನಾ ರೂಮು ಬದಲಿಸುವುದರಿಂದ. ಒಂದೇ ಊರಿನಲ್ಲಿ ಎರಡು ರಾತ್ರಿ ಐದಾರು ರೂಮು ತೆಗೆದುಕೊಂಡರೆ ಲಾಡ್ಜಿನವರು ದರದಲ್ಲಿ ಸ್ವಲ್ಪ ಬಿಡುತ್ತಾರೆ, ದಿನಕ್ಕೊಂದು ಊರಾದರೆ ಆ ಮಾತೇ ಇಲ್ಲ.

ಪೂರ್ತಿ ಕರಾವಳಿ ಎಂದರೆ ಜಾಸ್ತಿ ಹೊತ್ತು 66ನೇ ಹೆದ್ದಾರಿಯಲ್ಲಿ ಇರುತ್ತೀರಿ. ಅಲ್ಲಿನ ಅಪಾಯ ಘಟ್ಟದ ತಿರುವಿನ ಹಾಗಲ್ಲ. ಮೀನು ತುಂಬಿದ ಲಾರಿಗಳಿಂದ ಉಪ್ಪು ನೀರು, ಮೀನಿನ ಜಿಡ್ಡು ಸೋರುತ್ತಾ ಹೋಗುತ್ತದೆ. ತಿರುವಿನಲ್ಲಿ, ಏರಿನಲ್ಲಿ ಅದರ ಮೇಲೆ ಚಕ್ರ ಬಿದ್ದರೆ ಜಾರುತ್ತದೆ. ಮೀನು ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ. ನಾಲ್ಕು ಪಥದ ರಸ್ತೆಯಲ್ಲೂ ಎದುರು ದಿಕ್ಕಿನಿಂದ ಸ್ಕೂಟರ್ ಬರುತ್ತವೆ, ರಾತ್ರಿ ದನ ಮಲಗಿರುತ್ತವೆ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದ ಕೆಳಗೆ ನಿಲ್ಲಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿ ಪಕ್ಕದ ಚಹಾದಂಗಡಿ, ಅಲ್ಲಿ ನಿಂತಿದ್ದವರು, ವಾಹನಗಳು ಎಲ್ಲ ಗಂಗಾವಳಿಯ ಪಾಲಾದವು. ಚಹಾಕ್ಕೆ ಗುಂಪು ನಿಲ್ಲಿಸುವ ಜಾಗವನ್ನು ಮುಂದೆ ಹೋಗುವವರು ನೋಡಿ ಆರಿಸಬೇಕು.

ಐದಕ್ಕಿಂತ ಜಾಸ್ತಿ ಬೈಕ್ ಇದ್ದರೆ ಎರಡು ತಂಡ ಮಾಡಿ. ಒಂದೊಂದಕ್ಕೂ ದಾರಿ ಗೊತ್ತಿರುವ ಒಬ್ಬರು ಎಲ್ಲರ ಮುಂದೆ ಲೀಡ್, ಅನುಭವ ಇರುವ ಒಬ್ಬರು ಎಲ್ಲರ ಹಿಂದೆ ಸ್ವೀಪ್. ನಿಧಾನ ಓಡಿಸುವವರು ಲೀಡ್ ಹಿಂದೆಯೇ ಇರಲಿ. ಪಂಕ್ಚರ್ ಕಿಟ್, ಒಂದು ಕ್ಲಚ್ ಕೇಬಲ್, ಚೈನಿಗೆ ಹಾಕುವ ಲ್ಯೂಬ್ ಸ್ವೀಪ್ ಬಳಿ ಇರಬೇಕು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾದ ಮದ್ಯಕ್ಕಾಗಿ ಚೀಲ ತಪಾಸಣೆ ಮಾಡುತ್ತಾರೆ. ಒಬ್ಬನ ಚೀಲದಲ್ಲಿ ಬಾಟಲಿ ಸಿಕ್ಕರೆ ಎಲ್ಲರೂ ಅಲ್ಲೇ ಕೂರಬೇಕು. ಮರಳಿನ ಮೇಲೆ ಬೈಕ್ ಓಡಿಸುವ ಹುಚ್ಚು ಇದ್ದವರಿಗೆ ಒಂದೇ ಮಾತು. ಚಳಿಗಾಲದಲ್ಲಿ ಈ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಮರಳಿನಲ್ಲೇ ಬಲೆ ಹರಡಿರುತ್ತಾರೆ. ಎರಡಕ್ಕೂ ನಿಮ್ಮ ಚಕ್ರ ತಾಗಬಾರದು.

ಹಾಗಾದರೆ ಯಾರಿಗೆ ಯಾವುದು

ಗುಂಪು ದೊಡ್ಡದು, ಹೊಸಬರು ಇದ್ದಾರೆ, ಒಂದೇ ರಾತ್ರಿ ಇದೆ ಎಂದರೆ ಕಾರವಾರ. ಸಣ್ಣ ಗುಂಪು, ಹಣ ಕಡಿಮೆ, ನೋಡುವ ತಾಳ್ಮೆ ಇದೆ ಎಂದರೆ ಕುಮಟಾದಲ್ಲಿ ಉಳಿದು ಅಘನಾಶಿನಿ. ಗಂಡ ಹೆಂಡತಿ ಮಕ್ಕಳು, ದೇವಸ್ಥಾನವೂ ಆಗಬೇಕು, ಬೀಚೂ ಬೇಕು ಎಂದರೆ ಹೊನ್ನಾವರ. ಒಂದು ಸಲ ಈ ಕಡೆ ಬಂದು ಹೋದವರು ಎರಡನೇ ಸಲಕ್ಕೆ ಭಟ್ಕಳ ಆರಿಸಿ. ಗುಂಪಿನಲ್ಲಿ ಒಮ್ಮತ ಇಲ್ಲದಿದ್ದರೆ ಕುಮಟಾ ಒಳ್ಳೆಯ ಮಧ್ಯದ ಜಾಗ. ಅಲ್ಲಿಂದ ಹೊನ್ನಾವರ 20 ಕಿ.ಮೀ., ಗೋಕರ್ಣ 30. ಎರಡನೇ ದಿನ ಬೇಕಾದವರು ಬೇಕಾದ ಕಡೆ ಹೋಗಿ ರಾತ್ರಿ ಒಟ್ಟು ಸೇರಬಹುದು.

ಘಟ್ಟ ಯಾವುದು ಎನ್ನುವುದನ್ನು ಇದರ ಮೇಲೆ ನಿರ್ಧರಿಸಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಹತ್ತಿರದ ದಾರಿ. ಅಲ್ಲಿ ಕೆಲವು ವರ್ಷಗಳಿಂದ ರಸ್ತೆ ಅಗಲ ಮಾಡುವ ಕೆಲಸ ನಡೆದು ಆಗಾಗ ಸಂಚಾರ ನಿಲ್ಲಿಸಿದ್ದಾರೆ. ಹೊರಡುವ ಹಿಂದಿನ ದಿನ ಶಿರಸಿ ಬಸ್ ನಿಲ್ದಾಣದಲ್ಲಿ ವಿಚಾರಿಸಿ. ಹುಬ್ಬಳ್ಳಿಯವರಿಗೆ ಯಲ್ಲಾಪುರದ ಅರಬೈಲ್ ಘಟ್ಟ. ರಸ್ತೆ ಅಗಲ, ಆದರೆ ಲಾರಿಗಳ ಸಾಲು ತಪ್ಪುವುದಿಲ್ಲ. ಕಾರವಾರದಿಂದ ಕೈಗಾ ಮೇಲೆ ಯಲ್ಲಾಪುರಕ್ಕೆ ಬರುವ ಕಾಡುದಾರಿಯಲ್ಲಿ ವಾಹನ ಕಡಿಮೆ, ಬಂಕೂ ಕಡಿಮೆ. ಕಾರವಾರದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ, ಸಿದ್ದಾಪುರದ ಮೇಲೆ ಶಿರಸಿಗೆ ಬರುವುದು 120 ಕಿ.ಮೀ. ಆಸುಪಾಸು, ತಿರುವುಗಳು ಜಾಸ್ತಿ. ಯಾವ ಘಟ್ಟವಾದರೂ ಕೊನೆಯ ದಿನ ಮಧ್ಯಾಹ್ನದ ಊಟ ಆದ ಕೂಡಲೇ ಏರಲು ಶುರು ಮಾಡಿ, ಬೆಳಕಿರುವಾಗಲೇ ಮೇಲೆ ಬನ್ನಿ. ಮನೆಗೆ ಬಂದ ಮರುದಿನ ಸಿಹಿ ನೀರಿನಲ್ಲಿ ಬೈಕ್ ತೊಳೆದು ಚೈನಿಗೆ ಲ್ಯೂಬ್ ಹಾಕಿ. ಕಡಲ ಗಾಳಿಯ ಉಪ್ಪು ವಾರದಲ್ಲೇ ನಟ್ಟು ಬೋಲ್ಟಿಗೆ ತುಕ್ಕು ಹಿಡಿಸುತ್ತದೆ.